ಸಹಾಯ ಬೇಕು: ಅಂಡಾಶಯದಲ್ಲಿ ಕಾಂಪ್ಲೆಕ್ಸ್ ಸಿಸ್ಟ್, ರಿಪೋರ್ಟ್‌ಗೆ ಕಾಯುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ನನಗೆ 42 ವರ್ಷ, ಹಾಸನದ ಹತ್ತಿರದವಳು. ಕೆಳಹೊಟ್ಟೆ ನೋವು ಅಂತ ಸ್ಕ್ಯಾನ್ ಮಾಡಿಸಿದಾಗ ಎಡ ಅಂಡಾಶಯದಲ್ಲಿ 7 ಸೆಂ.ಮೀ. ಕಾಂಪ್ಲೆಕ್ಸ್ ಸಿಸ್ಟ್ ಕಂಡಿದೆ. ಬರೀ ನೀರು ತುಂಬಿದ ಗುಳ್ಳೆ ಅಲ್ಲ, ಒಳಗೆ ಪರದೆಗಳೂ ಸ್ವಲ್ಪ ಗಟ್ಟಿ ಭಾಗವೂ ಇದೆಯಂತೆ. ಸಿಎ-125 (ಅಂಡಾಶಯದ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಏರಬಹುದಾದ ಪ್ರೋಟೀನ್) ರಕ್ತಪರೀಕ್ಷೆಗೆ ಕೊಟ್ಟಿದ್ದೇನೆ, ಎಂಆರ್‌ಐ ಕೂಡ ಆಗಿದೆ. ಎರಡರ ರಿಪೋರ್ಟೂ ಬಂದಿಲ್ಲ.

ಇಂಥ ಸಿಸ್ಟ್ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ ಎಂದು ಡಾಕ್ಟರ್ ಹೇಳಿದರು. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ) ಇದ್ದರೂ, ಮುಟ್ಟಿನ ಸಮಯದಲ್ಲೂ ಸಿಎ-125 ಏರಬಹುದು, ಆ ಒಂದು ಸಂಖ್ಯೆ ನೋಡಿ ಹೆದರಬೇಡಿ ಎಂದರು. ಆದರೂ ಮನಸ್ಸು ಕೇಳುತ್ತಿಲ್ಲ. ನಮ್ಮ ಚಿಕ್ಕಮ್ಮ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡವರು. ಡಾಕ್ಟರಿಗೆ ಅದನ್ನು ತಿಳಿಸಿದ್ದೇನೆ, ಅಮ್ಮನಿಗೆ ಮಾತ್ರ ಈ ಸಿಸ್ಟ್ ವಿಷಯ ಹೇಳಲು ಬಾಯಿ ಬರುತ್ತಿಲ್ಲ.

ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ. ಸಿಸ್ಟ್ ಮಾತ್ರ ತೆಗೆದರಾ, ಅಂಡಾಶಯವನ್ನೂ ತೆಗೆದರಾ? ಆಪರೇಷನ್‌ಗೆ ಮೊದಲೇ ಗೈನಿಕ್ ಆಂಕಾಲಜಿಸ್ಟ್ (ಸ್ತ್ರೀರೋಗ ಕ್ಯಾನ್ಸರ್ ತಜ್ಞರು) ಹತ್ತಿರ ತೋರಿಸುವುದು ಒಳ್ಳೆಯದು ಅಲ್ವಾ? ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸಿದವರಿದ್ದರೆ, ಏನೇನು ಕಾಗದ ಒಯ್ಯಬೇಕು ತಿಳಿಸಿ. ಕಾಯುವ ಈ ದಿನಗಳನ್ನು ನೀವು ಹೇಗೆ ಕಳೆದಿರಿ ಅನ್ನುವುದನ್ನೂ ಬರೆಯಿರಿ. ಮನೆಮದ್ದು ಮಾತ್ರ ಬೇಡ.