ಅರೀನಾ ಶೋ: ನಿಂತು ನೋಡುವ ಫ್ಲೋರ್ ಒಳ್ಳೆಯದಾ, ಮೇಲಿನ ಸೀಟಾ? ಹೋಗಿ ಬಂದವರು ಹೇಳಿ

ಮೊದಲ ಸಲ
ಮಗಳಿಗೆ 12 ವರ್ಷ, ಎತ್ತರ ಕಮ್ಮಿ. ಅವಳ ಮೆಚ್ಚಿನ ಪಾಪ್ ಗಾಯಕಿಯ ಶೋಗೆ ಇಬ್ಬರೂ ಹೊರಟಿದ್ದೇವೆ. ನಾಟಕದ ಹಾಗೆ ಅಂಕಗಳು, ದೊಡ್ಡ ಸೆಟ್, ಮತ್ತೆ ಮತ್ತೆ ವೇಷ ಬದಲಾವಣೆ ಎಲ್ಲ ಇದೆಯಂತೆ. ನಿಂತು ನೋಡುವ ಫ್ಲೋರ್ ತಗೊಳ್ಳಲಾ, ಮೇಲಿನ ಸೀಟಾ, ಇಲ್ಲಾ ವೇದಿಕೆ ಪಕ್ಕದ ಅಗ್ಗದ ಸೀಟಾ? ನಾಳೆ ರಾತ್ರಿಯೊಳಗೆ ಬುಕ್ ಮಾಡಬೇಕು.

ಬ್ಯಾರಿಕೇಡ್ ಭಕ್ತ
ಫ್ಲೋರ್. ಬೇರೆ ಮಾತೇ ಇಲ್ಲ. ನಾನು ಬೆಳಿಗ್ಗೆ 5:40ಕ್ಕೆ ಕ್ಯೂ ನಿಂತೆ. ಕೈ ಮೇಲೆ ಮಾರ್ಕರ್‌ನಲ್ಲಿ 63 ಅಂತ ಬರೆದರು. ಬರೆದವರು ಅರೀನಾದವರಲ್ಲ, ಅಭಿಮಾನಿಗಳೇ. ಮಧ್ಯಾಹ್ನ ಸೆಕ್ಯುರಿಟಿಯವರು ಬಂದು, ಈ ನಂಬರು ನಮಗೆ ಲೆಕ್ಕಕ್ಕಿಲ್ಲ ಅಂತ ಕ್ಯೂ ಒಡೆದರು. 63 ಇದ್ದವನು 200ರ ಹತ್ತಿರ ಹೋದೆ. ಬಾಗಿಲು ತೆಗೆದದ್ದು ಸಂಜೆ 6:30ಕ್ಕೆ, ಗಾಯಕಿ ಬಂದದ್ದು 9:10ಕ್ಕೆ. ಅಲ್ಲಿಯವರೆಗೆ ತೊಟ್ಟು ನೀರು ಕುಡಿದಿಲ್ಲ. ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಹೋದರೆ ಜಾಗ ಹೋಯಿತು. ಹೊಸ ಶೂನ ಅಟ್ಟೆ ಕಿತ್ತುಬಂತು. ಆದರೆ ರ‍್ಯಾಂಪ್ ಮೇಲೆ ಅವಳು ನಡೆದು ಬಂದಾಗ ಗೌನಿನ ಮಣಿ ಎಣಿಸಬಹುದಿತ್ತು!

ಮೇಲಿನ ಸಾಲು
ಮಣಿ ಎಣಿಸಿದಿರಿ ಸರಿ, ಶೋ ನೋಡಿದಿರಾ? ನಾನು ಒಂದೇ ಶೋ ಎರಡು ರಾತ್ರಿ ನೋಡಿದವಳು. ಮೊದಲ ರಾತ್ರಿ ಫ್ಲೋರ್. ಕಂಡದ್ದು ಒಬ್ಬನ ಬೆನ್ನು, ಎತ್ತಿ ಹಿಡಿದ ಫೋನುಗಳು. ಎರಡನೇ ರಾತ್ರಿ ವೇದಿಕೆಗೆ ನೇರ ಎದುರು, ಮೇಲಿನ ಮಹಡಿ. ವೇದಿಕೆಯ ನೆಲವೇ ಒಂದು ವಿಡಿಯೋ ಪರದೆ ಅಂತ ಆಗ ಗೊತ್ತಾಯಿತು. ಹಿಂದಿನ ರಾತ್ರಿ ಸುಮ್ನೆ ಓಡಾಡುತ್ತಿದ್ದಾರೆ ಅಂದುಕೊಂಡಿದ್ದ ಡ್ಯಾನ್ಸರ್‌ಗಳು ಮೇಲಿಂದ ನೋಡಿದರೆ ಚಕ್ರ ಕಟ್ಟುತ್ತಿದ್ದರು. ಮಡೋನಾ 1990ರಲ್ಲೇ ಬ್ಲಾಂಡ್ ಆಂಬಿಷನ್ ಪ್ರವಾಸವನ್ನು ಐದು ಭಾಗ ಮಾಡಿ ನಾಟಕದ ಹಾಗೆ ಆಡಿದಳು. ಲೇಡಿ ಗಾಗಾ 2025ರ ಮೇಹೆಮ್ ಬಾಲ್ ಪ್ರವಾಸಕ್ಕೆ ಒಪೆರಾ ಹೌಸ್ ಸೆಟ್ಟನ್ನೇ ಎಬ್ಬಿಸಿದಳು. ಅಷ್ಟು ದೊಡ್ಡದನ್ನು ಬುಡದಲ್ಲಿ ನಿಂತು ನೋಡುವವರಿಗೆ ಏನು ಹೇಳುವುದು?

ಬ್ಯಾರಿಕೇಡ್ ಭಕ್ತ
ಅಷ್ಟು ದೂರದಿಂದ ನೋಡಲು ಮನೆಯಲ್ಲಿ ಟಿವಿ ಇದೆಯಲ್ಲ ಮೇಡಂ.

ಕಿವಿ ಸುಟ್ಟುಕೊಂಡವಳು
ಇಬ್ಬರೂ ಕಣ್ಣಿನದೇ ಹೇಳುತ್ತಿದ್ದೀರಿ. ನಾನು ನಿಂತದ್ದು ಸ್ಪೀಕರ್ ಮುಂದೆ. ಇಯರ್‌ಪ್ಲಗ್ ಬ್ಯಾಗಿನಲ್ಲೇ ಇತ್ತು. ಹಾಕಿಕೊಂಡರೆ ಅಜ್ಜಿ ಅಂದುಕೊಳ್ಳುತ್ತಾರೆ ಅಂತ ಹಾಕಲಿಲ್ಲ. 11 ದಿನ ಕಿವಿಯಲ್ಲಿ ಜೀರುಂಡೆ. ಡಾಕ್ಟರ್ ಫೀಸು, ಎರಡು ಸಲ ಶ್ರವಣ ಪರೀಕ್ಷೆ, ಎರಡು ದಿನದ ಸಂಬಳ. ಕೂಡಿಸಿದರೆ ಟಿಕೆಟ್‌ಗಿಂತ ಜಾಸ್ತಿ. ಆಗ ಓದಿದ್ದು: ಸದ್ದು 85 ಡೆಸಿಬಲ್ ಆದರೆ ಕಿವಿ ದಿನಕ್ಕೆ 8 ಗಂಟೆ ತಡೆದೀತು, ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. 100ಕ್ಕೆ ಬರೀ 15 ನಿಮಿಷ. ಶೋ ಎರಡು ಗಂಟೆ.

ಕಂಬದ ಹಿಂದೆ
ವೇದಿಕೆ ಪಕ್ಕದ ಸೀಟು ನನ್ನದು. 'ನೋಟಕ್ಕೆ ಸ್ವಲ್ಪ ಅಡ್ಡಿ' ಅಂತ ಬರೆದಿದ್ದರು. ಸ್ವಲ್ಪ ಅಂದರೆ ತೂಗುಹಾಕಿದ ಸ್ಪೀಕರ್ ಸಾಲು ಪೂರ್ತಿ. ವೇಷ ಬದಲಿಸುವಾಗ ಹಿಂದಿನ ಪರದೆ ಮೇಲೆ ವಿಡಿಯೋ ಹಾಕುತ್ತಾರಲ್ಲ, ಅದು ನಮಗೆ ಕಾಣದು. 4 ನಿಮಿಷದ ವಿಡಿಯೋ 5 ಸಲ. ಅಂದರೆ 20 ನಿಮಿಷ ಕಪ್ಪು ಬಟ್ಟೆ ನೋಡಿದೆ. ಬಿಯಾನ್ಸೆಯ 2023ರ ಪ್ರವಾಸದಲ್ಲಿ ವೇದಿಕೆ ಹಿಂದಿನ ಸೀಟನ್ನು ಬರೀ ಕೇಳಲಿಕ್ಕೆ ಅಂತಲೇ ಹೇಳಿ ಮಾರಿದ್ದರು. ಅದಾದರೂ ನಿಯತ್ತು. ಒಂದು ಲಾಭ ಮಾತ್ರ ಸಿಕ್ಕಿತು. ನಮ್ಮ ಗಾಯಕಿ ವೇದಿಕೆಯಡಿ ಲಿಫ್ಟ್ ಮೇಲೆ ಕುಕ್ಕುರುಗಾಲಲ್ಲಿ ಕಾಯುತ್ತಿದ್ದದ್ದನ್ನು ನೋಡಿದೆ. ಮರುಕ್ಷಣ ಟಣ್ ಅಂತ ಮೇಲೆ! ಮೈಕ್ ಮಾತ್ರ ಸೊಂಟದ ಹತ್ತಿರ, ಹಾಡು ಆಗಲೇ ಶುರು.

ಬ್ಯಾರಿಕೇಡ್ ಭಕ್ತ
ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಅಂತೀರಾ? ನಾನು ಎರಡು ಮಾರು ದೂರದಲ್ಲಿದ್ದೆ. ಕತ್ತಿನ ನರ ಕಾಣುತ್ತಿತ್ತು.

ಕಂಬದ ಹಿಂದೆ
ನರ ನಟಿಸಲೂ ಬರುತ್ತದೆ.

ಮೇಲಿನ ಸಾಲು
ಕುಣಿಯುವಾಗ ಹಿನ್ನೆಲೆ ದನಿ ಸೇರಿಸುವುದು ಮಾಮೂಲು. ಅವಳು ಪಿಯಾನೋ ಮುಂದೆ ಕೂತಾಗ ಕೇಳಬೇಕಿತ್ತು. ಓ, ನಿಮಗೆ ಪಿಯಾನೋ ಕಂಡಿರಲಿಕ್ಕಿಲ್ಲ.

ಎರಡು ಸಲ ಕೊಟ್ಟವನು
ಜಗಳ ಆಮೇಲೆ ಆಡಿ. ನಾನು ಆನ್‌ಲೈನ್ ಕ್ಯೂನಲ್ಲಿ 41 ಸಾವಿರದ ಚಿಲ್ಲರೆ ನಂಬರಲ್ಲಿದ್ದೆ. ಸರದಿ ಬರುವಷ್ಟರಲ್ಲಿ ಬೆಲೆ ಏರಿತ್ತು, ಇನ್ನೂ ಇಳಿಯಬಹುದು ಅಂತ ಬಿಟ್ಟೆ. ಖಾಲಿಯಾಯಿತು. ಮರುಮಾರಾಟದಲ್ಲಿ ಮೂರೂವರೆ ಪಟ್ಟು ಕೊಟ್ಟೆ, ಮೇಲೆ ಸೇವಾ ಶುಲ್ಕ. ಶೋ ಹಿಂದಿನ ದಿನ ಸೆಟ್ ಕಟ್ಟಿ ಮುಗಿಯಿತು. ಕ್ಯಾಮೆರಾ, ಸೌಂಡ್ ಮಿಕ್ಸರ್ ಇಡಲು ಹಿಡಿದಿಟ್ಟಿದ್ದ ಸೀಟುಗಳಲ್ಲಿ ಉಳಿದದ್ದನ್ನು ಮೂಲ ಬೆಲೆಗೇ ಬಿಟ್ಟರು. ನನ್ನ ಸೀಟಿಗಿಂತ 9 ಸಾಲು ಮುಂದೆ! ಹೊಟ್ಟೆ ಉರಿದು ಅದನ್ನೂ ಕೊಂಡೆ. ಹಳೆಯದು ಮಾರಾಟವಾಗಲಿಲ್ಲ. ಪಕ್ಕದ ಸೀಟಿನಲ್ಲಿ ನನ್ನ ಜಾಕೆಟ್ ಕೂತಿದ್ದರೂ ನೆಮ್ಮದಿ ಇರುತ್ತಿತ್ತು. ಆ ಹಳೆಯ ಸೀಟು 9 ಸಾಲು ಹಿಂದೆ ಖಾಲಿ ಇತ್ತು.

ಬ್ಯಾರಿಕೇಡ್ ಭಕ್ತ
ನಿಮ್ಮಂಥವರು ಕೊಳ್ಳುವುದಕ್ಕೇ ಅವರು ಮೂರೂವರೆ ಪಟ್ಟು ಕೇಳುತ್ತಾರೆ.

ಎರಡು ಸಲ ಕೊಟ್ಟವನು
ಬೆಳಿಗ್ಗೆ 5:40ಕ್ಕೆ ನಿಂತು 200ನೇಯವನಾದವರು ಬುದ್ಧಿ ಹೇಳಬೇಡಿ.

ಮೊದಲ ಸಲ
ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಫ್ಲೋರ್‌ಗೆ 14 ತುಂಬಿರಬೇಕು. ಮೇಲಿನ ಮಹಡಿ, ನೇರ ಎದುರಿನ ಎರಡು ಸೀಟು ಬುಕ್ ಮಾಡಿದೆ. ಇಯರ್‌ಪ್ಲಗ್ ಎರಡು ಜೊತೆ.

ಬ್ಯಾರಿಕೇಡ್ ಭಕ್ತ
ಎರಡು ವರ್ಷ ಕಾಯಬಹುದಿತ್ತು.