ನಾನು ಮರುಮದುವೆಯಾದ ಮೇಲೆ ಮಗಳ ಜೀವನಾಂಶ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ಉಡುಪಿಯಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳ ಹಿಂದೆ ಮಂಗಳೂರಿನಲ್ಲಿ ನನ್ನ ವಿಚ್ಛೇದನವಾಯಿತು. ಒಂಬತ್ತು ವರ್ಷದ ಮಗಳು ನನ್ನ ಬಳಿ ಇದ್ದಾಳೆ. ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 125ರ ಅಡಿಯಲ್ಲಿ ಅವಳಿಗೆ ತಿಂಗಳಿಗೆ 9,000 ರೂಪಾಯಿ ಕೊಡಬೇಕೆಂಬ ಆದೇಶವಿದೆ. ಕಳೆದ ವರ್ಷ ನಾನು ಮರುಮದುವೆಯಾಗಿ ಉಡುಪಿಗೆ ಬಂದೆ. ಸೆಪ್ಟೆಂಬರಿನಿಂದ ಅವಳ ತಂದೆ 4,000 ರೂಪಾಯಿ ಮಾತ್ರ ಹಾಕುತ್ತಿದ್ದಾರೆ. "ಅವಳನ್ನು ನೋಡಿಕೊಳ್ಳಲು ಈಗ ನಿನ್ನ ಗಂಡನಿದ್ದಾನೆ, ನನಗೂ ಇನ್ನೊಂದು ಮಗುವಾಗಿದೆ" ಎಂದು ವಾಟ್ಸಾಪ್‌ನಲ್ಲಿ ಬರೆದಿದ್ದಾರೆ. ಈ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ನನ್ನ ಯಜಮಾನರು ಅವಳಿಗೆ ರೈನ್‌ಕೋಟ್, ಶೂ ತೆಗೆಸಿಕೊಟ್ಟರು. ಅವಳು ಆ ಬಿಲ್ಲನ್ನು ಮಡಚಿ ತನ್ನ ಕಂಪಾಸು ಪೆಟ್ಟಿಗೆಯಲ್ಲಿಟ್ಟುಕೊಂಡು, "ಇದನ್ನು ಪಪ್ಪನಿಗೆ ತೋರಿಸಬೇಕು" ಎಂದಳು. ನನಗೆ ಮಾತು ಹೊರಡಲಿಲ್ಲ. ಕಾನೂನು ಏನು ಹೇಳುತ್ತದೆ?

ಉತ್ತರ 1: ಮಂಗಳೂರಿನ ವಕೀಲರು

ಅಮ್ಮಾ, ಮರುಮದುವೆಯಿಂದ ನಿಲ್ಲುವುದು ನಿಮ್ಮ ಜೀವನಾಂಶವೇ ಹೊರತು ಮಗಳದ್ದಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕಲಂ 20 ಮಕ್ಕಳ ಪೋಷಣೆಯ ಹೊಣೆಯನ್ನು ಹೆತ್ತವರಿಬ್ಬರ ಮೇಲೂ ಹೊರಿಸುತ್ತದೆ. ಅಲ್ಲಿ ಮಲತಂದೆಯ ಹೆಸರಿಲ್ಲ. ನಿಮ್ಮ ಯಜಮಾನರು ಪ್ರೀತಿಯಿಂದ ಮಾಡುವ ಖರ್ಚು ಇನ್ನೊಬ್ಬರ ಬಾಕಿಯನ್ನು ತೀರಿಸುವುದಿಲ್ಲ. ಆದರೆ ನೀವು ದುಡಿಯುತ್ತಿದ್ದರೆ ನಿಮ್ಮ ಸಂಬಳ ಲೆಕ್ಕಕ್ಕೆ ಬರುತ್ತದೆ, ಮೊದಲು ಕಟ್ಟುತ್ತಿದ್ದ ಮನೆಬಾಡಿಗೆ ಈಗ ಇಲ್ಲವಾದರೆ ಅದನ್ನೂ ಮುಚ್ಚಿಡಬೇಡಿ.

ಮಗಳ ತಂದೆಗೆ ಹುಟ್ಟಿದ ಇನ್ನೊಂದು ಮಗುವಿನ ವಿಚಾರ ಸ್ವಲ್ಪ ಬೇರೆ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಪತಿಗೆ ಎರಡನೆಯ ಮದುವೆಯಾಗಿ ಮಗುವಿರುವುದನ್ನು ಗಮನಿಸಿ, ಮೊದಲ ಪತ್ನಿ ಮತ್ತು ಮಗನಿಗೆ ನಿಗದಿಯಾಗಿದ್ದ 23,000 ರೂಪಾಯಿಯನ್ನು 20,000ಕ್ಕೆ ಇಳಿಸಿತು. ಇಳಿಕೆ ಎಷ್ಟು ಸಣ್ಣದು ಎಂಬುದನ್ನು ನೋಡಿ. ಅಲ್ಲದೆ ಅದನ್ನು ಇಳಿಸಿದ್ದು ನ್ಯಾಯಾಲಯ. ಸನ್ನಿವೇಶ ಬದಲಾಗಿದೆ ಎನ್ನುವವರು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 127ರ, ಅಂದರೆ ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 146ರ ಅಡಿಯಲ್ಲಿ ಅರ್ಜಿ ಹಾಕಿ ಅದನ್ನು ರುಜುವಾತು ಮಾಡಬೇಕು. ಅಲ್ಲಿಯವರೆಗೆ 9,000 ರೂಪಾಯಿಯೇ ಆದೇಶ. ವಾಟ್ಸಾಪ್ ಸಂದೇಶದಿಂದ ಆದೇಶ ಬದಲಾಗುವುದಿಲ್ಲ.

ಉತ್ತರ 2: ಸುರತ್ಕಲ್‌ನಿಂದ ಒಬ್ಬ ತಂದೆ

ನಾನು ಆ ತಂದೆಯ ಜಾಗದಲ್ಲಿ ನಿಂತವನು. ಎರಡನೆಯ ಮಗು ಹುಟ್ಟಿದಾಗ ಮೊದಲ ಮಗನ ಹಣವನ್ನು ಅರ್ಧಕ್ಕಿಳಿಸಬೇಕೆಂದು ಅರ್ಜಿ ಹಾಕಿದೆ. 2020ರ ನವೆಂಬರಿನ ಸುಪ್ರೀಂ ಕೋರ್ಟಿನ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕಾಗಿರುವುದರಿಂದ ನಾನೂ ಎಲ್ಲವನ್ನೂ ಬರೆದುಕೊಟ್ಟೆ. ಫ್ಲಾಟಿನ ಸಾಲದ ಕಂತನ್ನು ತೋರಿಸಿದಾಗ, ಆ ಸಾಲ ನಾನೇ ಬಯಸಿ ಮಾಡಿದ್ದು, ಮಗ ಅದಕ್ಕಿಂತ ಮೊದಲು ಹುಟ್ಟಿದವನು ಎಂದು ನ್ಯಾಯಾಧೀಶರು ಹೇಳಿದರು. ಕೊನೆಗೆ ಕಡಿಮೆಯಾದದ್ದು 1,500 ರೂಪಾಯಿ. ಅಂದು ಬೇಸರವಾಗಿತ್ತು, ಇಂದು ಅದು ಸರಿಯಾಗಿತ್ತು ಎನ್ನಿಸುತ್ತದೆ. ಅವರಿಗೂ ಕಷ್ಟವಿರಬಹುದು ಅಕ್ಕ, ಆದರೆ ಅದನ್ನು ಅವರು ಹೇಳಬೇಕಾದದ್ದು ನ್ಯಾಯಾಲಯಕ್ಕೆ.

ಉತ್ತರ 3: ಮಂಗಳೂರಿನ ವಕೀಲರು

ಒಂದು ಮುಖ್ಯ ವಿಷಯವನ್ನು ಮೊದಲೇ ಹೇಳಬೇಕಿತ್ತು. ಬಾಕಿ ವಸೂಲಿಯ ಅರ್ಜಿಯನ್ನು ಆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ತಡವಾದರೆ ಹಳೆಯ ತಿಂಗಳುಗಳ ಬಾಕಿಯನ್ನು ಈ ದಾರಿಯಲ್ಲಿ ವಸೂಲಿ ಮಾಡಲಾಗುವುದಿಲ್ಲ. ಆದೇಶದ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಮತ್ತು ಆ ಸಂದೇಶದ ಮುದ್ರಿತ ಪ್ರತಿಯನ್ನು ಇಟ್ಟುಕೊಳ್ಳಿ. ವಕೀಲರ ಶುಲ್ಕ ಭಾರವಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ದೊರೆಯುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಪಾಸ್‌ಬುಕ್ ತೆಗೆದು ನೋಡಿದೆ: ಮೊದಲ ಸಲ ಹಣ ಕಡಿಮೆ ಬಂದದ್ದು ಸೆಪ್ಟೆಂಬರ್ 5ಕ್ಕೆ. ಈಗ ಜುಲೈ ಮುಗಿಯುತ್ತಿದೆ, ಸೋಮವಾರವೇ ಪ್ರಾಧಿಕಾರದ ಕಚೇರಿಗೆ ಹೋಗುತ್ತೇನೆ. ಮಗಳ ಬಿಲ್ಲು ಅವಳ ಪೆಟ್ಟಿಗೆಯಲ್ಲೇ ಇರಲಿ, ಅದನ್ನು ನಾನು ಕೇಳುವುದಿಲ್ಲ.