ನೀಲಿ ತೆಳ್ಳೇವು

ಚಿಕ್ಕಪ್ಪ, ನೀವು ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ದು ಈಗ ನೋಡಿದೆ. ನಮ್ಮ ಪುರಾಣ ಸಾಲದೇ, ನನ್ನ ಮಗ ಮಾಣಿಗೆ ಗ್ರೀಕ್ ದೇವರ ಪುಸ್ತಕ ಯಾಕೆ ಕೊಡಿಸಿದೆ ಅಂತ ಕೇಳಿದ್ದೀರಿ. ಕೈಯೆಲ್ಲ ಅಡಿಕೆ ಚೊಗರು, ಟೈಪ್ ಮಾಡಲು ಆಗುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಒಂದು ಕವಳ ಹಾಕಿಕೊಂಡು ಕೇಳಿ.

ಅದು ಪರ್ಸಿ ಜಾಕ್ಸನ್ ಪುಸ್ತಕ, ಮೊದಲನೇದು. 2005ರಲ್ಲಿ ಬಂದದ್ದು. ಬರೆದವರು ರಿಕ್ ರಿಯೋರ್ಡನ್, ಶಾಲೆ ಮೇಷ್ಟ್ರಾಗಿದ್ದವರು. ಅವರ ಮಗನಿಗೆ ಓದುವುದು ಕಷ್ಟ ಇತ್ತಂತೆ, ಅವನಿಗೆ ರಾತ್ರಿ ಮಲಗುವಾಗ ಹೇಳಿದ ಕತೆಯೇ ಪುಸ್ತಕ ಆಯಿತು. ಪರ್ಸಿಗೂ ಹಾಗೇ, ಹನ್ನೆರಡು ವರ್ಷ, ಅಕ್ಷರಗಳು ಕಣ್ಣೆದುರು ಕುಣಿಯುತ್ತವೆ, ಒಂದು ಶಾಲೆಯಲ್ಲೂ ನಿಲ್ಲಲಿಲ್ಲ. ಆಮೇಲೆ ನೋಡಿದರೆ ಅವನ ಅಪ್ಪ ಪೋಸೈಡನ್, ಸಮುದ್ರದ ದೇವರು! ಝ್ಯೂಸ್ ಅಂತ ಅವರ ಇಂದ್ರ ಇದ್ದಾನಲ್ಲ, ಅವನ ಸಿಡಿಲನ್ನೇ ಯಾರೋ ಕದ್ದಿದ್ದಾರೆ, ಕಳ್ಳತನ ಬಂದದ್ದು ಈ ಹುಡುಗನ ತಲೆಗೆ.

ನನಗೆ ಖುಷಿ ಕೊಟ್ಟದ್ದು ಏನು ಗೊತ್ತಾ, ಅದರಲ್ಲಿ ದೇವರಿಗೆಲ್ಲ ವಿಳಾಸ ಇದೆ. ಒಲಿಂಪಸ್ ಇರುವುದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿ, ಲಿಫ್ಟಲ್ಲಿ ಹೋಗಬೇಕು. ನಿಜವಾದ ಕಟ್ಟಡಕ್ಕೆ ಇರುವುದು 102 ಮಹಡಿ ಅಷ್ಟೇ. ತಲೆ ತುಂಬ ಹಾವಿರುವ ಮೆಡುಸಾ ರಸ್ತೆ ಬದಿಯಲ್ಲಿ ಕಲ್ಲಿನ ಗೊಂಬೆ ಅಂಗಡಿ ಇಟ್ಟಿದ್ದಾಳೆ. ಅವಳ ಕಣ್ಣು ನೋಡಿದವರು ಕಲ್ಲಾಗುತ್ತಾರೆ, ಗೊಂಬೆ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ! ನೇರ ನೋಡುವ ಹಾಗಿಲ್ಲ, ಅದಕ್ಕೆ ಪರ್ಸಿ ಗಾಜಿನ ಗುಂಡಿನಲ್ಲಿ ಅವಳ ನೆರಳು ನೋಡಿಕೊಂಡು ಕತ್ತಿ ಬೀಸುತ್ತಾನೆ. ಅಲ್ಲಿಗೆ ಬಂದಾಗ ಮಾಣಿ ಓದು ನಿಲ್ಲಿಸಿ, "ಆಯಿ, ಅರ್ಜುನ ನೀರಲ್ಲಿ ನೋಡಿ ಮೀನಿಗೆ ಹೊಡೆದ ಹಾಗೇ ಅಲ್ವಾ" ಅಂದ. ನನಗೆ ಹೊಳೆದೇ ಇರಲಿಲ್ಲ ಚಿಕ್ಕಪ್ಪ. ಸುಲಿಯುವ ಮೆಟ್ಟುಗತ್ತಿ ಮೇಲೆ ಅಡಿಕೆ ಹಾಗೇ ಉಳಿಯಿತು.

ಅಲ್ಲಿಂದ ಶುರು. ಹಾಗಾದರೆ ನಮ್ಮ ದೇವರ ವಿಳಾಸ ಎಲ್ಲಿ ಅಂತ. ರಾವಣ ಆತ್ಮಲಿಂಗ ತಂದದ್ದು, ಗಣಪತಿ ಮೂರು ಸಲ ಕರೆದು ಗೋಕರ್ಣದಲ್ಲಿ ಇಟ್ಟುಬಿಟ್ಟದ್ದು, ಎಲ್ಲ ಹೇಳಿದೆ. ರಾವಣ ಸಿಟ್ಟಲ್ಲಿ ಎಸೆದ, ಲಿಂಗಕ್ಕೆ ಸುತ್ತಿದ್ದ ಬಟ್ಟೆ ಮುರ್ಡೇಶ್ವರದಲ್ಲಿ, ದಾರ ಧಾರೇಶ್ವರದಲ್ಲಿ, ಪೆಟ್ಟಿಗೆಯ ಮುಚ್ಚಳ ಗುಣವಂತೆಯಲ್ಲಿ ಬಿತ್ತು ಅಂದೆ. ಅವನು ಬಾಯಿ ಬಿಟ್ಟುಕೊಂಡು ಕೂತ. ಗುಣವಂತೆ ಅಂದರೆ ಅವನಿಗೆ ಕೆರೆಮನೆ ಯಕ್ಷಗಾನ ಮೇಳದ ಊರು, ಆಟ ನೋಡಲು ಹೋದ ಜಾಗ, ಅಷ್ಟೇ ಗೊತ್ತಿತ್ತು. "ಮುರ್ಡೇಶ್ವರಕ್ಕೆ ರೈಲೂ ಹೋಗುತ್ತದಲ್ಲ" ಅಂದ. ಹೌದಪ್ಪ, ಹೋಗುತ್ತದೆ, ನಾವು ಸುಮ್ನೆ ಕಿಟಕಿಯಲ್ಲಿ ಶೇಂಗಾ ತಿನ್ನುತ್ತ ದಾಟಿಬಿಡುತ್ತೇವೆ.

ಪುಸ್ತಕದಲ್ಲಿ ಕೊರತೆ ಇಲ್ಲ ಅನ್ನುವುದಿಲ್ಲ. ಅರ್ಧ ಆದಮೇಲೆ ಊರಿಗೊಂದು ರಾಕ್ಷಸ, ಓಡು, ಹೊಡೆ, ಮತ್ತೆ ಓಡು. ಪ್ರಸಂಗದಲ್ಲಾದರೆ ನಡುವೆ ಹಾಸ್ಯಗಾರ ಬಂದು ಉಸಿರು ಬಿಡಲು ಪುರುಸೊತ್ತು ಕೊಡುತ್ತಾನೆ. ಇಲ್ಲಿ ಯುದ್ಧದಲ್ಲೂ ಪರ್ಸಿಯೇ ಜೋಕು ಹೊಡೆಯಬೇಕು.

ಆದರೆ ಅವನ ಅಮ್ಮ ಇದ್ದಾಳಲ್ಲ, ಅವಳು ನನಗೆ ಜಾಸ್ತಿ ಹಿಡಿಸಿದಳು. ನೀಲಿ ಬಣ್ಣದ ತಿಂಡಿ ಅಂತ ಇರುವುದೇ ಇಲ್ಲ ಅಂತ ಅವಳ ಗಂಡ, ಪರ್ಸಿಯ ಮಲತಂದೆ, ಒಮ್ಮೆ ವಾದ ಮಾಡಿದನಂತೆ. ಅವತ್ತಿನಿಂದ ಹಟಕ್ಕೆ ಬಿದ್ದು ಕೇಕು, ಮಿಠಾಯಿ ಎಲ್ಲ ನೀಲಿ. ಸರಿ, ನಮ್ಮನೆಯಲ್ಲೂ ಬೇಡಿಕೆ ಬಂತು. ಬೇಲಿಯ ಶಂಖಪುಷ್ಪ ಕಿತ್ತು ಬಿಸಿನೀರಿಗೆ ಹಾಕಿ, ಆ ನೀರಲ್ಲೇ ಹಿಟ್ಟು ಕಲಸಿ ತೆಳು ದೋಸೆ, ನಮ್ಮ ತೆಳ್ಳೇವು, ಎರೆದೆ. ಕಾವಲಿಯಲ್ಲಿ ಅಂಚು ಏಳುವಾಗ ಮಳೆಗಾಲದ ಮೋಡದ ಬಣ್ಣ. ಅತ್ತೆ ಒಮ್ಮೆ ನೋಡಿ "ಇದೇನೇ ಹಾಲಾಹಲ" ಅಂದು ತಟ್ಟೆ ದೂರ ಸರಿಸಿದರು. ಮಾಣಿ ಆರು ತಿಂದ, ಬೆಲ್ಲ ತುಪ್ಪ ಹಾಕಿ.

ಮುಂದಿನ ಭಾನುವಾರ ಅವನನ್ನು ಹೊನ್ನಾವರದ ಬಸ್ಸು ಹತ್ತಿಸುತ್ತೇನೆ, ನೀವೇ ಗುಣವಂತೆಗೆ ಕರೆದುಕೊಂಡು ಹೋಗಿ ಮುಚ್ಚಳ ಬಿದ್ದ ಜಾಗ ತೋರಿಸಿ. ಅವನು ಜೇಬಿಂದ ಬಾಲ್‌ಪೆನ್ ತೆಗೆದು ಕ್ಯಾಪ್ ಬಿಚ್ಚಿ ನಿಮ್ಮ ಕಡೆ ತೋರಿಸಿದರೆ ಎರಡು ಹೆಜ್ಜೆ ಹಿಂದೆ ಸರಿದುಬಿಡಿ. ಪುಸ್ತಕದಲ್ಲಿ ಅದು ಕತ್ತಿ.